ಗುಡುಗಪ್ಪನ ಸೈಲೆನ್ಸರ್

ನಮ್ಮ ಭಾವನಿಗೆ ಓಣಿಯವರು ಇಟ್ಟಿದ್ದ ಹೆಸರು ಗುಡುಗಪ್ಪ. ಅವರು ಮಾತಾಡುತ್ತಿದ್ದದ್ದೇ ಅಪರೂಪ, ಗುಡುಗುತ್ತಿದ್ದದ್ದು ಅವರ ಬೈಕು. ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕುವ ಕೆಲಸ ಅವರದು, ಬೆಳಕು ಹರಿಯುವ ಮುಂಚೆಯೇ ಮನೆ ಬಿಡಬೇಕು. ಬೈಕಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿತ್ತು. ಒಂದು ಕಿಕ್ ಹೊಡೆದರೆ ಸಾಕು, ಓಣಿಯ ಕಿಟಕಿ ಗಾಜುಗಳೆಲ್ಲ ಗಡಗಡ ನಡುಗುತ್ತಿದ್ದವು. ನಾಯಿಗಳು ಒಂದೇ ಸಮ ಬೊಗಳುತ್ತಿದ್ದವು. ಎದುರು ಮನೆಯ ಕೂಸು ಕಿಟಾರನೆ ಕಿರುಚುತ್ತಿತ್ತು.

ಆ ಓಣಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು ನಾನು. ಅಳತೆ ಕೊಡಲು ಬಂದ ಹೆಂಗಸರು ಎರಡೂ ಕೈ ಎತ್ತಿ ನಿಂತುಕೊಂಡೇ ಭಾವನಿಗೆ ಶಾಪ ಹಾಕುತ್ತಿದ್ದರು. ನಾನು ಅವರ ನಾದಿನಿ ಅಂತ ಗೊತ್ತಿದ್ದೂ ಹಾಕುತ್ತಿದ್ದರು, ಬಹುಶಃ ಗೊತ್ತಿದ್ದಕ್ಕೇ ಹಾಕುತ್ತಿದ್ದರು. ನಾನು ಟೇಪನ್ನು ಒಂಚೂರು ಬಿಗಿಯಾಗಿ ಎಳೆಯುತ್ತಿದ್ದೆ, ಅಷ್ಟೇ ನನ್ನ ಕೈಲಾಗುತ್ತಿದ್ದದ್ದು.

ಅವರು ಅನ್ನುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಭಾವ ಯಾರ ಮಾತಿಗೂ ಬೆಲೆ ಕೊಡುವುದಿಲ್ಲ, ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ದಾರಿ ಬಿಡುವುದಿಲ್ಲ, ಎದುರಿಗೆ ನಿಂತು ಬೈದರೆ ನಗುತ್ತಾರೆ. ಎಲ್ಲವೂ ನಿಜ. ಯಾಕೆ ಅಂತ ಗೊತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ ಮಾತ್ರ. ಭಾವನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ.

ಹುಟ್ಟು ಕಿವುಡರಲ್ಲ. ವಯಸ್ಸಿದ್ದಾಗ ಅವರದು ಬಾಯ್ಲರ್ ಕೆಲಸ. ಕಾರ್ಖಾನೆಯ ಬಾಯ್ಲರ್ ಆರಿಸಿದ ಮೇಲೆ ಅದರ ಹೊಟ್ಟೆಯೊಳಗೆ ಇಳಿದು, ಕುಕ್ಕರುಗಾಲಲ್ಲಿ ಕೂತು, ಗೋಡೆಗೆ ಅಂಟಿದ ಕಿಟ್ಟವನ್ನು ಸುತ್ತಿಗೆಯಿಂದ ಹೊಡೆದು ಕೆಡವಬೇಕು. ಮುಚ್ಚಿದ ಕಬ್ಬಿಣದೊಳಗೆ ಕಬ್ಬಿಣದಿಂದ ಹೊಡೆದರೆ ಸದ್ದು ಎಲ್ಲಿಗೆ ಹೋದೀತು? ಹೊಡೆದವನ ತಲೆಯೊಳಕ್ಕೇ ಹೋಗುತ್ತದೆ. ಮೊದಲು ಹಕ್ಕಿಗಳ ದನಿ ಹೋಯಿತಂತೆ, ಆಮೇಲೆ ಹೆಂಗಸರ ದನಿ, ಆಮೇಲೆ ಎಲ್ಲ. ಕಿವಿ ಹೋಯಿತೆಂದು ತಿಳಿದ ದಿನವೇ ಕಾರ್ಖಾನೆಯವರು ಮನೆಗೆ ಕಳಿಸಿದರು. ಆಮೇಲೆ ಎಲ್ಲೇ ಕೆಲಸ ಕೇಳಲು ಹೋದರೂ ಅದೇ ಕತೆ. ಕಿವುಡ ಅಂದ ಕೂಡಲೇ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು, ಮೇಲೆ ಒಂದು ನಗು ಬೇರೆ.

ಬೇಕರಿಗೆ ಸೇರುವಾಗ ಅಕ್ಕ ಹೇಳಿಕೊಟ್ಟಳು. "ಕೇಳಲ್ಲ ಅಂತ ಮಾತ್ರ ಹೇಳ್ಬೇಡಿ. ಎಲ್ಲದಕ್ಕೂ ಹೂಂ ಅನ್ನಿ. ಜಾಸ್ತಿ ಮಾತಾಡ್ಬೇಡಿ, ನಿಮ್ಮ ದನಿ ಜೋರಾಗಿಬಿಡುತ್ತೆ." ಅಕ್ಕನ ತುಟಿಯನ್ನು ಭಾವ ಓದಿದ ಹಾಗೆ ಪಾಠ ಓದಿದ್ದರೆ ಅವರು ಸಾಹೇಬರೇ ಆಗಿರುತ್ತಿದ್ದರು. ಬೇಕರಿ ಯಜಮಾನನ ತುಟಿ ಮಾತ್ರ ಅವರಿಗೆ ಒಲಿಯಲಿಲ್ಲ, ಪೊರಕೆಯಂಥ ಮೀಸೆ ಅದನ್ನು ಮುಚ್ಚಿತ್ತು. ಯಜಮಾನ ಏನೇ ಅಂದರೂ ಭಾವ ಹೂಂ ಅನ್ನುತ್ತಿದ್ದರು. "ಇವನೊಬ್ಬನೇ ನೋಡ್ರಪ್ಪ, ಎದುರು ಮಾತಾಡದೋನು" ಎಂದು ಯಜಮಾನ ಬೇರೆಯವರಿಗೆ ಇವರನ್ನೇ ತೋರಿಸುತ್ತಿದ್ದನಂತೆ. ಅಕ್ಕ ಅದನ್ನು ಹೇಳುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವರಿದ್ದದ್ದು ಹಳೆಯ ಕಟ್ಟಡದ ಮೇಲಿನ ಮನೆಯಲ್ಲಿ. ನೆಲ ಮರದ ಹಲಗೆಯದು. ಅಕ್ಕ ಹೊರಗಿನಿಂದ ಬಂದಾಗ ಹೊಸ್ತಿಲಲ್ಲಿ ನಿಂತು ಎರಡು ಸಲ ಕಾಲು ಕುಟ್ಟುತ್ತಿದ್ದಳು, ಧಪ್, ಧಪ್. ಹಲಗೆಯ ಅದುರು ಭಾವನ ಪಾದಕ್ಕೆ ತಾಗಿ ಅವರು ತಿರುಗಿ ನೋಡುತ್ತಿದ್ದರು. ಊಟಕ್ಕೆ ಕರೆಯುವುದೂ ಹಾಗೆಯೇ, ಬೆಳಿಗ್ಗೆ ಎಬ್ಬಿಸುವುದೂ ಮಂಚದ ಕಾಲಿಗೆ ಎರಡು ಸಲ ತಟ್ಟಿ. ಆ ಸಂಸಾರ ನಡೆದದ್ದೇ ಆ ಎರಡು ಏಟಿನ ಮೇಲೆ.

ಕೆಳಗಿನ ಮನೆಯಲ್ಲಿ ನರ್ಸಮ್ಮ ಇದ್ದರು. ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಪಾಳಿಯೇ ಹೆಚ್ಚು. ರಜೆಯ ದಿನ ಕೂಡ ನಿದ್ದೆ ಹತ್ತುವುದು ಬೆಳಗಿನ ಜಾವಕ್ಕೇ, ಭಾವ ಕಿಕ್ ಹೊಡೆಯುವುದೂ ಅದೇ ಹೊತ್ತಿಗೆ. ಪಾಳಿ ಮುಗಿಸಿ ಬಂದು ಹಗಲು ಮಲಗಿದರೆ ತಲೆಯ ಮೇಲೆ ಧಪ್ ಧಪ್. ನಾನು ಸತ್ಯವನ್ನೇ ಹೇಳುತ್ತೇನೆ, ಅವರ ಜಾಗದಲ್ಲಿ ನಾನಿದ್ದಿದ್ದರೆ ಬೈಕಿನ ಟೈರು ಕತ್ತರಿಸಿಬಿಡುತ್ತಿದ್ದೆ. ನನ್ನ ಹತ್ತಿರ ಕತ್ತರಿಗೇನೂ ಬರವಿಲ್ಲ.

ಒಂದು ಮುಂಜಾನೆ ನರ್ಸಮ್ಮ ಕಿಟಕಿ ತೆಗೆದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದರು. "ಏನ್ರೀ, ನಿಮಗೆ ಮನುಷ್ಯತ್ವ ಇದೆಯೇನ್ರೀ? ನಿಲ್ಸಿ ಅದನ್ನ!" ಅವರು ಕೈ ಬೀಸಿದ್ದು ಮಾತ್ರ ಭಾವನಿಗೆ ಕಂಡಿತು. ಕೆಳಗಿನ ಮನೆಯವರು ಇಷ್ಟು ದಿನಕ್ಕೆ ಮುಖ ಕೊಟ್ಟು ಮಾತಾಡಿಸಿದರಲ್ಲ ಎಂದು ಖುಷಿಯಾಗಿ, ಹಣೆಗೆ ಕೈ ಹಚ್ಚಿ ಸಲಾಮು ಮಾಡಿ ಗುಡುಗಿಸಿಕೊಂಡು ಹೋದರು. ನರ್ಸಮ್ಮ ಅದನ್ನು ಓಣಿಗೆಲ್ಲ ಹೇಳಿದರು. "ಬೈದ್ರೆ ಸಲಾಂ ಹೊಡೀತಾನಲ್ರೀ, ಕೊಬ್ಬು ಎಷ್ಟಿರ್ಬೇಕು!" ಅಂದಿನಿಂದ ಓಣಿ ಒಂದಾಯಿತು. ಒಂದು ದಿನ ಸೈಲೆನ್ಸರಿನೊಳಗೆ ಹಸಿ ಮಣ್ಣು ತುರುಕಿದ್ದರು. ಇನ್ನೊಂದು ದಿನ ಬೈಕಿನ ಸೀಟು ಸೀಳಿದ್ದರು.

ಅಕ್ಕ ಬೀದಿಗಿಳಿದು ಜಗಳಕ್ಕೆ ನಿಂತಳು. "ಹೌದು, ಸದ್ದು ಮಾಡ್ತಾರೆ, ಏನೀಗ? ದುಡಿಯೋರ ಗಾಡಿ ಸದ್ದು ಮಾಡುತ್ತೆ. ಕಿವಿಗೆ ಹತ್ತಿ ಇಟ್ಕೊಂಡು ಮಲಗಿ!" ನರ್ಸಮ್ಮನಿಗೆ ಕಣ್ಣಲ್ಲಿ ನೀರು ಬಂತು. "ನಿದ್ದೆ ಇಲ್ದೆ ಸೂಜಿ ಹಿಡಿದ ಕೈ ನಡುಗುತ್ತಮ್ಮಾ. ನಾಳೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಕ್ಕ ಅದಕ್ಕೆ ಇನ್ನೂ ಜೋರಾಗಿ ಕೂಗಿದಳು.

ನಾನು ಅವಳನ್ನು ಒಳಗೆ ಎಳೆದುಕೊಂಡು ಬಂದು ಹೇಳಿದೆ. "ಕೇಳ್ಸಲ್ಲ ಅಂತ ಹೇಳ್ಬಿಡೇ ಅಕ್ಕ. ಎಲ್ಲಾ ಮುಗಿಯುತ್ತೆ."

"ಮುಗಿಯುತ್ತೆ, ಕೆಲಸಾನೂ ಮುಗಿಯುತ್ತೆ" ಎಂದಳು. "ಸೊಕ್ಕಿನೋನು ಅಂದ್ಕೊಳ್ಳಲಿ, ಸೊಕ್ಕಿನೋನಿಗೆ ಯಾರಾದ್ರೂ ಕೆಲಸ ಕೊಡ್ತಾರೆ. ಕಿವುಡನಿಗೆ ಯಾರು ಗಾಡಿ ಕೊಡ್ತಾರೆ? ನೀನು ಬಾಯಿ ಬಿಟ್ರೆ ನನ್ನ ತಂಗೀನೇ ಅಲ್ಲ."

ಸೈಲೆನ್ಸರನ್ನಾದರೂ ಬದಲಾಯಿಸಬಹುದಿತ್ತಲ್ಲ? ಅದು ಭಾವನ ಗುಟ್ಟು. ಆ ತೂತು ಸೈಲೆನ್ಸರಿನ ಸದ್ದು ಅವರಿಗೆ ಕೇಳುತ್ತಿತ್ತು. ಕಿವಿಯಲ್ಲಿ ಅಲ್ಲ, ಎದೆಗೂಡಿನಲ್ಲಿ. ದಿನವೆಲ್ಲ ಸತ್ತಂತಿದ್ದ ಲೋಕದಲ್ಲಿ ಅದೊಂದು ಅವರೊಡನೆ ಮಾತಾಡುತ್ತಿತ್ತು. ಗೇರು ಬದಲಿಸುವುದು, ವೇಗ ತಗ್ಗಿಸುವುದು, ಎಲ್ಲ ಆ ಸದ್ದಿನ ಲೆಕ್ಕದಲ್ಲೇ. "ಮಳೆ ಬರೋ ಮುಂಚೆ ಗುಡುಗ್ತಿತ್ತಲ್ಲ, ಹಾಗೇ ಕಣೇ" ಎಂದು ಅಕ್ಕನಿಗೆ ಹೇಳಿದ್ದರಂತೆ. ಓಣಿಯವರು ಇಟ್ಟ ಹೆಸರು ಅವರಿಗೆ ಗೊತ್ತಿರಲೇ ಇಲ್ಲ.

ಓಣಿಯವರು ಪೊಲೀಸರಿಗೆ ದೂರು ಕೊಟ್ಟರು. ಒಬ್ಬ ಪೇದೆ ಮನೆಗೆ ಬಂದ. ಅವನ ಪುಣ್ಯಕ್ಕೋ ನಮ್ಮ ಪುಣ್ಯಕ್ಕೋ ಭಾವ ಮನೆಯಲ್ಲಿರಲಿಲ್ಲ. "ಹೊಸ ಸೈಲೆನ್ಸರ್ ಹಾಕ್ಸಿ ಗಾಡಿ ತಂದು ತೋರ್ಸಿ, ಸಾಕು. ಇಲ್ಲಾಂದ್ರೆ ನಿಮ್ಮೆಜಮಾನ್ರೇ ಸ್ಟೇಷನ್ನಿಗೆ ಬಂದು ಸಾಹೇಬ್ರ ಹತ್ರ ಮಾತಾಡ್ಬೇಕಾಗುತ್ತೆ" ಎಂದ. ಅಕ್ಕ ಹೆದರಿದ್ದು 'ಮಾತಾಡ್ಬೇಕಾಗುತ್ತೆ' ಅನ್ನುವುದಕ್ಕೆ. ಸಾಹೇಬರು ಹೆಸರು ಕೇಳಿದಾಗ ಇವರು ಹೂಂ ಅಂದರೆ?

ಅವತ್ತು ಸಂಜೆ ನಾನೂ ಅಲ್ಲಿದ್ದೆ. ಅಕ್ಕ ಭಾವನ ಎದುರು ಕೂತು, ತುಟಿ ಬಿಡಿಸಿ ಬಿಡಿಸಿ ಎಲ್ಲ ಹೇಳಿದಳು.

"ಅದೊಂದೇ ಕಣೇ ನಂಗೆ ಕೇಳ್ಸೋದು" ಎಂದರು ಭಾವ.

"ನಂಗೊತ್ತು."

"ಅದೂ ಬೇಡ ಅಂತೀಯಾ?"

ಅಕ್ಕ ತಲೆ ತಗ್ಗಿಸಿಬಿಟ್ಟಳು. ತುಟಿ ಕಾಣದಿದ್ದರೆ ಅವರಿಗೆ ಮಾತು ಮುಗಿದ ಹಾಗೆ. ಮರುದಿನ ಭಾವ ತಾವೇ ಬೈಕನ್ನು ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದರು. ನನ್ನ ಅಂಗಡಿಯ ಮುಂದಿನಿಂದಲೇ ಹೋದರು, ಯಾವತ್ತಿನ ಹಾಗೆ ಒಳಗೆ ಇಣುಕಿ ನಗಲಿಲ್ಲ. ನನಗೆ ಅಳು ಬಂತು, ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಹೊಸ ಸೈಲೆನ್ಸರಿನ ಮೊದಲ ಬೆಳಿಗ್ಗೆ ಭಾವ ಕಿಕ್ ಹೊಡೆದರು. ಮತ್ತೆ ಹೊಡೆದರು, ಮತ್ತೆ. ಎಂಜಿನ್ ಆಗಲೇ ಶುರುವಾಗಿತ್ತು, ಅವರಿಗೆ ತಿಳಿಯಲಿಲ್ಲ. ಅಕ್ಕ ಮೆಟ್ಟಿಲಿಳಿದು ಓಡಿಹೋಗಿ ಅವರ ಎಡಗೈ ಹಿಡಿದು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟಳು. ಅಲ್ಲಿ ಸಣ್ಣ ನಡುಕವಿತ್ತು. ಭಾವ ಹೂಂ ಅಂದರು. ಯಜಮಾನನಿಗೆ ಅನ್ನುತ್ತಿದ್ದ ಹೂಂ ಅದು, ಹೆಂಡತಿಗೆ ಯಾವತ್ತೂ ಹಾಗೆ ಅಂದವರಲ್ಲ.

ಓಣಿಗೆ ಸಂತೋಷವೋ ಸಂತೋಷ. ನರ್ಸಮ್ಮ ಮನೆಯವರೆಗೂ ಬಂದು ಒಂದು ಬುಟ್ಟಿ ಹಣ್ಣು ಕೊಟ್ಟು, "ತುಂಬ ಉಪಕಾರ ಆಯ್ತಮ್ಮಾ" ಎಂದು ಹೋದರು. ಅಕ್ಕನಿಗೂ ಒಂದು ನಿರಾಳ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆವು. ಭಾವ ಮಾತ್ರ ಒಂದು ಹೊಸ ಅಭ್ಯಾಸ ಕಲಿತಿದ್ದರು. ಬೈಕು ಓಡುತ್ತಿರುವಾಗಲೇ ಎಡಗೈ ಬಿಟ್ಟು ಟ್ಯಾಂಕು ಮುಟ್ಟಿ ನೋಡುವುದು, ಎಂಜಿನ್ ಬದುಕಿದೆಯೋ ಇಲ್ಲವೋ ಎಂದು. ಮಲಗಿದ ರೋಗಿಯ ಎದೆ ಮುಟ್ಟಿ ನೋಡಿದ ಹಾಗೆ. ನಾನು ಅಂಗಡಿಯಿಂದ ನೋಡಿ ಅಕ್ಕನಿಗೆ ಹೇಳಿದೆ. ಅವಳು ಬೈದಳು, ಅವರು ಹೂಂ ಅಂದರು.

ಗೋಡೌನಿನ ಹತ್ತಿರ ಒಂದು ತಿರುವಿದೆ. ಎತ್ತರದ ಗೋಡೆ ಅಡ್ಡ ಇರುವುದರಿಂದ ಆಚೆ ಏನು ಬರುತ್ತಿದೆ ಎಂದು ಕಾಣುವುದಿಲ್ಲ. ಬೆಳಗಿನ ನೀರಿನ ಟ್ಯಾಂಕರಿನ ಡ್ರೈವರ್ ಇಷ್ಟು ವರ್ಷ ಬೈಕಿನ ಸದ್ದು ಕೇಳಿದರೆ ಅಲ್ಲಿ ಗಾಡಿ ನಿಲ್ಲಿಸಿ, ಗುಡುಗಪ್ಪ ಹೋಗಲಿ ಎಂದು ಕಾಯುತ್ತಿದ್ದನಂತೆ. ಒಂದು ಬೆಳಿಗ್ಗೆ ಅವನಿಗೆ ಏನೂ ಕೇಳಲಿಲ್ಲ. ರೂಢಿಯಂತೆ ಹಾರ್ನ್ ಹೊಡೆದು ತಿರುಗಿಸಿದ. ಎದುರಿಗೆ ಭಾವ, ಒಂದು ಕೈ ಪೆಟ್ರೋಲ್ ಟ್ಯಾಂಕಿನ ಮೇಲೆ. ರಸ್ತೆ ತುಂಬ ಬ್ರೆಡ್ಡು ಚೆಲ್ಲಿತ್ತು.

ಅಕ್ಕ ಆಸ್ಪತ್ರೆ ತಲುಪಿದಾಗ ಅವರನ್ನು ಒಳಗೆ ಒಯ್ದಾಗಿತ್ತು. ಪಾಳಿಯಲ್ಲಿದ್ದವರು ಅದೇ ನರ್ಸಮ್ಮ. ಹಣೆ ಒಡೆದು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಡಾಕ್ಟರು ಕಿವಿಯ ಹತ್ತಿರ ಬಾಗಿ ಕೂಗಿ ಕರೆದರೂ ಉತ್ತರವಿಲ್ಲ, ಕೈ ಎತ್ತು ಎಂದರೆ ಎತ್ತುವುದಿಲ್ಲ. ನೋವಿಗೆ ಬರೀ ಮುಲುಕುತ್ತಿದ್ದರು. ಹೊರಗಿನವರ ಮುಂದೆ ಬಾಯಿ ಬಿಡಬಾರದೆಂಬ ರೂಢಿಯೋ, ಶಕ್ತಿಯೇ ಇರಲಿಲ್ಲವೋ. ಕೂಗಿದರೆ ಓಗೊಡದವನ ಮಿದುಳಿಗೆ ಪೆಟ್ಟಾಗಿದೆ ಎಂದು ಯಾರೇ ಆದರೂ ತಿಳಿಯುತ್ತಾರೆ.

ನರ್ಸಮ್ಮ ಹೊರಗೆ ಬಂದು ಅಕ್ಕನನ್ನು ಕೇಳಿದರು. "ಅವ್ರಿಗೆ ಮೊದ್ಲಿಂದ ಏನಾದ್ರೂ ತೊಂದ್ರೆ ಇತ್ತಾ? ಕಿವಿ ಸರಿಯಾಗಿ ಕೇಳ್ತಿತ್ತಾ?"

ಡ್ರೈವರು ಅಲ್ಲೇ ನಿಂತಿದ್ದ, ಪೇದೆ ನಿಂತಿದ್ದ, ಸುದ್ದಿ ಕೇಳಿ ಬಂದ ಬೇಕರಿ ಯಜಮಾನನೂ ನಿಂತಿದ್ದ. ಅಕ್ಕನ ಬಾಯಿಂದ ಇಷ್ಟು ವರ್ಷದ ಮಾತು ತಾನಾಗಿಯೇ ಬಂದುಬಿಟ್ಟಿತು.

"ಕೇಳ್ತಿತ್ತು. ಚೆನ್ನಾಗೇ ಕೇಳ್ತಿತ್ತು."

ತಲೆಯ ಸ್ಕ್ಯಾನಿಗೆ ಬೇರೆ ಆಸ್ಪತ್ರೆಗೆ ಕಳಿಸುವುದೆಂದು ತೀರ್ಮಾನವಾಯಿತು. ಆಂಬುಲೆನ್ಸಿಗೆ ಕಾಯುವುದರಲ್ಲೇ ಬಹಳ ಹೊತ್ತು ಹೋಯಿತು. ನಾನು ಓಡೋಡಿ ಬಂದಾಗ ಸ್ಟ್ರೆಚರನ್ನು ಬಾಗಿಲಿನಿಂದ ಹೊರಗೆ ತಳ್ಳುತ್ತಿದ್ದರು. ಅಕ್ಕ ಹತ್ತಿರ ಹೋಗಿ, ಯಾರಿಗೂ ಏನೂ ಹೇಳದೆ, ಸ್ಟ್ರೆಚರಿನ ಕಬ್ಬಿಣದ ಸರಳಿಗೆ ಮುಷ್ಟಿಯಿಂದ ಎರಡು ಸಲ ಹೊಡೆದಳು.

ಭಾವನ ಕೈ ಮೇಲೆದ್ದು ಗಾಳಿಯಲ್ಲಿ ತಡಕಾಡಿತು.

"ಬಂದ್ಯಾ?" ಎಂದರು. ದನಿ ಆಸ್ಪತ್ರೆಗೆಲ್ಲ ಕೇಳುವಷ್ಟು ಜೋರಾಗಿತ್ತು. "ಹೊಟ್ಟೆ ಕಣೇ. ಹೊಟ್ಟೆ ಒಳಗೆ ಏನೋ ಒಡೆದುಹೋಗಿದೆ. ಇಲ್ಲಿ ಯಾರೂ ಇಲ್ವಾ? ಯಾರೂ ಕೇಳ್ತಾನೇ ಇಲ್ಲ ನನ್ನ."

ನಾನು ನರ್ಸಮ್ಮನ ಮುಖ ನೋಡಿದೆ. ಆ ಎರಡು ಏಟು ಅವರಿಗೆ ಗೊತ್ತಿತ್ತು. ವರ್ಷಗಟ್ಟಲೆ ತಮ್ಮ ತಲೆಯ ಮೇಲೆ ಕೇಳಿ, ಬೇಕಂತಲೇ ಮಾಡುತ್ತಾರೆಂದು ಹಲ್ಲು ಕಚ್ಚಿಕೊಂಡು ಮಲಗಿದ್ದ ಏಟುಗಳು. ಅವರು ಸ್ಟ್ರೆಚರಿಗೆ ಅಡ್ಡ ಬಂದು ನಿಂತರು. "ಸ್ಟ್ರೆಚರ್ ತಿರುಗ್ಸಿ, ಒಳಗೆ ತಗೊಳ್ಳಿ!" ಎಂದು ಅವರು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹೊಟ್ಟೆ ಕೊಯ್ದರು. ಒಳಗೆಲ್ಲ ರಕ್ತ ತುಂಬಿತ್ತು. ಭಾವ ಮಧ್ಯಾಹ್ನಕ್ಕೆ ಮುಂಚೆ ಹೋಗಿಬಿಟ್ಟರು. "ಬಂದ ಕೂಡ್ಲೇ ಗೊತ್ತಾಗಿದ್ರೆ..." ಎಂದು ನರ್ಸಮ್ಮ ಶುರು ಮಾಡಿ ಅಕ್ಕನನ್ನು ನೋಡಿ ನಿಲ್ಲಿಸಿದರು. ಆ ಅರ್ಧ ಮಾತನ್ನು ಅಕ್ಕ ಇನ್ನೂ ನುಂಗಿಲ್ಲ.

ಓಣಿಯವರೆಲ್ಲ ಮನೆಗೆ ಬಂದರು. ಮಣ್ಣು ತುರುಕಿದವರೂ ಬಂದಿದ್ದರು ಅಂತ ನನ್ನ ಲೆಕ್ಕ. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಿವಿ ಕೇಳ್ಸಲ್ಲ ಅಂತ ಒಂದು ಮಾತು ಹೇಳಿದ್ರೆ ನಾವು ಸುಮ್ಮನಿರ್ತಿರ್ಲಿಲ್ವಾ?" ಎಂದಳು.

ಅಕ್ಕ ತಲೆ ಎತ್ತಿದಳು. "ಇರ್ತಿರ್ಲಿಲ್ಲ. ಕಿವುಡನ ಕೈಗೆ ಗಾಡಿ ಯಾಕೆ ಕೊಟ್ರಿ ಅಂತಿದ್ರಿ." ಆಕೆ ಸೆರಗು ಸರಿ ಮಾಡಿಕೊಂಡು ಎದ್ದು ಹೋದಳು. ಅಕ್ಕನ ಮಾತೂ ಸುಳ್ಳಲ್ಲ, ಅವರು ಹಾಗೆ ಅಂದಿದ್ದರೆ ಅದೂ ತಪ್ಪಾಗುತ್ತಿರಲಿಲ್ಲ. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ತುದಿ ಸಿಕ್ಕಿಲ್ಲ.

ಈಗ ಬ್ರೆಡ್ಡು ತರುವುದು ಬೇರೆಯವನು, ಯಾವಾಗ ಬರುತ್ತಾನೋ ಹೋಗುತ್ತಾನೋ ಗೊತ್ತೇ ಆಗುವುದಿಲ್ಲ. ಅಕ್ಕ ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯಲು ಹೋಗುತ್ತಾಳೆ. ಮೊನ್ನೆ ನರ್ಸಮ್ಮ ಅಂಗಡಿಗೆ ರವಿಕೆ ಹೊಲಿಸಲು ಬಂದಿದ್ದರು. ಅಳತೆ ತೆಗೆಯುವಾಗ, ಕೈ ಎತ್ತಿ ನಿಂತುಕೊಂಡೇ ಮೆಲ್ಲಗೆ ಹೇಳಿದರು.

"ನಿಮ್ಮಕ್ಕ ಇನ್ನೂ ಕಾಲು ಕುಟ್ತಾರೆ."

"ನಿದ್ದೆಗೆ ತೊಂದ್ರೆ ಆದ್ರೆ ನಾನು ಹೇಳ್ತೀನಿ ಬಿಡಿ" ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಖಾರವಿತ್ತು, ಟೇಪೂ ಒಂಚೂರು ಬಿಗಿಯಾಗಿತ್ತು.

"ಅಯ್ಯೋ, ಹೇಳ್ಬೇಡಿ" ಎಂದರು ನರ್ಸಮ್ಮ. "ಕೆಲಸದಿಂದ ಬಂದು ಹೊಸ್ತಿಲಲ್ಲಿ ಎರಡು ಸಲ ಕುಟ್ತಾರೆ. ಆಮೇಲೆ ಬಹಳ ಹೊತ್ತು ಏನೂ ಸದ್ದಿರಲ್ಲ. ಒಳಗೆ ಹೋಗಲ್ಲ, ಅಲ್ಲೇ ನಿಂತಿರ್ತಾರೆ."

ನಾನು ಟೇಪು ಸಡಿಲ ಬಿಟ್ಟು, ಅಳತೆಯನ್ನು ಇನ್ನೊಂದು ಸಲ ತೆಗೆದೆ.