ಹುಣಸೆ ಬೀಜದ ಮೇಲೆ ಕೂತ ತಂಬಿಗೆ

ಮಾನ್ವಿಯ ನಮ್ಮ ಮನೆಯ ಅಡಿಗೆಮನೆಗೆ ಬಂದವರು ಮೊದಲು ಕೇಳುತ್ತಿದ್ದ ಪ್ರಶ್ನೆ, ಆ ಹಿತ್ತಾಳೆ ತಂಬಿಗೆಯ ಅಡಿಯಲ್ಲಿ ಹುಣಸೆ ಬೀಜ ಯಾಕಿದೆ ಎಂಬುದು. ಉತ್ತರ ನಾನೇ. ಆರು ವರ್ಷದವಳಿದ್ದಾಗ ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡವಳ ಹಾಗೆ ನಡೆಯಹೋಗಿ ಹೊಸ್ತಿಲ ಮೇಲೆ ಕೆಡವಿದೆ. ತಳ ಒಂದು ಮಗ್ಗುಲಿಗೆ ನೆಗ್ಗಿತು. ಅಂದಿನಿಂದ ಅದು ಕಟ್ಟೆಯ ಮೇಲೆ ನೆಟ್ಟಗೆ ಕೂಡಲಿಲ್ಲ, ಬೆರಳು ತಾಗಿದರೆ ಸಾಕು, ಟಕ್ ಟಕ್ ಎಂದು ಅತ್ತಿತ್ತ ಅಲ್ಲಾಡುತ್ತಿತ್ತು. ಸಾರಿಗೆ ಹುಣಸೆ ಕಿವುಚುತ್ತಿದ್ದ ಅವ್ವ ಒಂದು ಬೀಜ ತೆಗೆದು ನೆಗ್ಗಿದ ಕಡೆ ಒತ್ತುಕೊಟ್ಟಳು, ತಂಬಿಗೆ ತೆಪ್ಪಗಾಯಿತು. ಬೀಜ ಸವೆದಾಗಲೆಲ್ಲ ಬೇರೆ ಬೀಜ ಬಂತು, ನಾನು ಬೆಳೆದೆ, ಯರಗೇರಾದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಓಡಾಡಿ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದೆ, ಆದರೆ ಆ ತಂಬಿಗೆಯ ಸಮತೋಲದ ಬಗ್ಗೆ ಅವ್ವನ ಸಿದ್ಧಾಂತಕ್ಕಿಂತ ಉತ್ತಮವಾದದ್ದೇನೂ ನನಗೆ ಹೊಳೆಯಲಿಲ್ಲ.

ಈಗ ನನ್ನ ಕೆಲಸ ರಾಯಚೂರಿನ ಸರಾಫರ ಓಣಿಯಲ್ಲಿರುವ ಒಂದು ಪುಟ್ಟ ಅಂಗಡಿಯಲ್ಲಿ. ಲೋಹಗಳ ಗುಟ್ಟು ರಟ್ಟು ಮಾಡುವುದು ನನ್ನ ಕಸುಬು. ಮುಚ್ಚಳವಿರುವ ಒಂದು ಪೆಟ್ಟಿಗೆ, ಅದರೊಳಗೆ ಮೂತಿ ಚಾಚಿ ಕೂತ ಒಂದು ಎಕ್ಸ್‌ರೇ ಗನ್ನು, ಪಕ್ಕದಲ್ಲಿ ಒಂದು ಪರದೆ. ಇಷ್ಟೇ ನನ್ನ ಸಂಸ್ಥಾನ. ಕ್ಷ-ಕಿರಣ ತಾಗಿದ ಕೂಡಲೇ ವಸ್ತುವಿನೊಳಗಿನ ಒಂದೊಂದು ಲೋಹವೂ ತನ್ನದೇ ಶಕ್ತಿಯ ಒಂದು ಕಿರಣವನ್ನು ಮರಳಿ ಬಿಡುತ್ತದೆ, ತಾಮ್ರದ್ದು ತಾಮ್ರಕ್ಕೆ, ಸತುವಿನದು ಸತುವಿಗೆ. ಯಂತ್ರ ಅದನ್ನೆಲ್ಲ ಎಣಿಸಿ, ಯಾರದೆಷ್ಟು ಪಾಲು ಎಂದು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತದೆ. ಬಂಗಾರದವರು ಬರುತ್ತಾರೆ, ಗುಜರಿಯವರು ಬರುತ್ತಾರೆ. ಒಮ್ಮೆ ಒಬ್ಬಾಕೆ ಗಂಡನನ್ನೇ ಕರೆತಂದು, ಬಾಯಿ ತೆರೆಸಿ, ಈ ಹಲ್ಲು ಖರೇ ಬಂಗಾರದ್ದೋ ಅಲ್ಲವೋ ನೋಡಿ ಎಂದಳು. ಹಲ್ಲು ಬಿಚ್ಚಿ ತಂದರೆ ನೋಡುತ್ತೇನೆ, ತಲೆ ಸಮೇತ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ ಎಂದೆ. ಗಂಡನಿಗೆ ಸಮಾಧಾನವಾದ ಹಾಗೆ ಕಂಡಿತು.

ಇಂಥ ನನ್ನ ಮುಂದೆ ಒಂದು ದಿನ ನಮ್ಮ ಮನೆಯದೇ ಖಟ್ಲೆ ಬಂತು. ಅದನ್ನು ಹೇಳಬೇಕಾದರೆ ನನ್ನ ಅಜ್ಜಿ ಹುಲಿಗೆಮ್ಮನಿಂದ ಶುರು ಮಾಡಬೇಕು.

ಅಜ್ಜಿ ಕಲ್ಲೂರಿನವಳು, ಮಂದಿಯ ಹೊಲಗಳಲ್ಲಿ ಕಳೆ ತೆಗೆದು ಹತ್ತಿ ಬಿಡಿಸಿದವಳು. ಹೊಲದಲ್ಲಿ ನೀರಡಿಕೆಯಾದರೆ ಬೊಗಸೆ ಒಡ್ಡಿ ಕೂಡಬೇಕಿತ್ತು. ಹೊಲದವರು ಮೇಲಿನಿಂದ, ತಮ್ಮ ತಂಬಿಗೆ ತಾಗದಷ್ಟು ಎತ್ತರದಿಂದ, ನೀರು ಸುರಿಯುತ್ತಿದ್ದರು. ಅರ್ಧ ನೀರು ಮೊಣಕೈಗುಂಟ ಇಳಿದು ಸೀರೆಗೆ ಹೋಗುತ್ತಿತ್ತಂತೆ. ಅವಳು ಕೂಲಿಯಲ್ಲಿ ಉಳಿಸಿ ಮಾಡಿಸಿದ ಮೊದಲ ವಸ್ತು ಒಂದು ತಂಬಿಗೆ. ಅದನ್ನು ಮನೆಗೆ ತಂದ ದಿನ ನೀರು ತುಂಬಿ, ಅಂಚಿಗೆ ತುಟಿ ಇಟ್ಟು, ಪೂರ್ತಿ ತಂಬಿಗೆ ಕುಡಿದಳಂತೆ. ನೀವು ನಿಮ್ಮ ಮನೆಯಲ್ಲಿ ತಂಬಿಗೆಯನ್ನು ಎತ್ತಿ ಕುಡಿಯುವವರಿರಬಹುದು, ಎಂಜಲು ಮಾಡಬಾರದೆಂದು ಮಕ್ಕಳಿಗೆ ಬೈಯುವವರಿರಬಹುದು. ನಮ್ಮ ಮನೆಯಲ್ಲಿ ಎತ್ತಿ ಕುಡಿದರೆ ಬೈಗುಳ. ತುಟಿ ಇಟ್ಟೇ ಕುಡಿಯಬೇಕು, ಅದು ಅಜ್ಜಿಯ ಕಾನೂನು.

ಎರಡನೆಯ ಮಗಳು ಹುಟ್ಟಿದಾಗ ಅಜ್ಜಿ ಆ ತಂಬಿಗೆ ಮಾಡಿಕೊಟ್ಟ ಕಂಚುಗಾರನ ಹತ್ತಿರ ಹೋಗಿ, ಅದನ್ನೂ ಕರಗಿಸಿ, ಇನ್ನಷ್ಟು ಹಿತ್ತಾಳೆ ಕೂಡಿಸಿ, ಒಂದೇ ಅಚ್ಚಿನಂಥ ಎರಡು ತಂಬಿಗೆ ಮಾಡಿಸಿದಳು. ಲೋಹ ಕರಗುವ ಮೂಸೆಗೆ ತನ್ನ ಮೂಗುಬೊಟ್ಟನ್ನೂ ಹಾಕಿದಳು. ಯಾಕೆ ಹಾಕಿದಳೆಂದು ಯಾರಿಗೂ ಗೊತ್ತಿಲ್ಲ. ಅಲ್ಲಿಂದಾಚೆ ಅವಳ ಮೂಗು ಬರಿದಾಗಿದ್ದುದು ಮಾತ್ರ ಎಲ್ಲರೂ ಕಂಡದ್ದು. ತಂಬಿಗೆಗೊಂದು ಸಲದಂತೆ ಮೂಸೆ ಎರಡು ಸಲ ಉರಿಯಿತು, ಮೂಗುಬೊಟ್ಟು ಬಿದ್ದದ್ದು ಒಂದು ಸಲ. ಹೀಗಾಗಿ ಎರಡು ತಂಬಿಗೆಗಳಲ್ಲಿ ಒಂದರಲ್ಲಿ ಮಾತ್ರ ಗುಲಗಂಜಿಯಷ್ಟು ಬಂಗಾರವಿದೆ. ಒಂದು ತಂಬಿಗೆ ದೇವದುರ್ಗಕ್ಕೆ ಮದುವೆಯಾಗಿ ಹೋದ ನನ್ನ ದೊಡ್ಡವ್ವ ತಾಯಮ್ಮನ ಜೊತೆ ಹೋಯಿತು, ಇನ್ನೊಂದು ಮಾನ್ವಿಗೆ ಬಂದ ನನ್ನ ಅವ್ವ ನರಸಮ್ಮನ ಜೊತೆ ಬಂತು.

ಅಜ್ಜಿ ಇರುವ ತನಕ ಎಲ್ಲ ಸುರಳೀತ. ಅಜ್ಜಿ ತೀರಿದ ವರ್ಷ, ಅವಳ ಫೋಟೋದ ಮುಂದೆ ಯಾವ ತಂಬಿಗೆಯ ನೀರು ಇಡಬೇಕು ಎಂಬ ಮಾತೆದ್ದಿತು. ನನ್ನದರಲ್ಲಿ ಮೂಗುಬೊಟ್ಟಿದೆ, ನನಗೆ ಗೊತ್ತಿದೆ ಎಂದಳು ದೊಡ್ಡವ್ವ. ನನ್ನದರಲ್ಲಿದೆ, ನನಗೂ ಗೊತ್ತಿದೆ ಎಂದಳು ಅವ್ವ. ಹೇಗೆ ಗೊತ್ತು ಎಂದು ಕೇಳಿದರೆ ಇಬ್ಬರ ಬಾಯಿಗೂ ಬೀಗ. ಒಂಬತ್ತು ವರ್ಷ ಅಕ್ಕ ತಂಗಿ ಮಾತಾಡಲಿಲ್ಲ. ಅಜ್ಜಿಯ ನೆನಪಿನ ದಿನ ಎರಡು ಊರಲ್ಲಿ ನಡೆಯತೊಡಗಿತು, ಅದೂ ಒಂದೇ ದಿನ, ಏಕೆಂದರೆ ಅಜ್ಜಿ ಸತ್ತದ್ದು ಒಂದೇ ದಿನ. ಬಳಗದವರು ಬೆಳಿಗ್ಗೆ ದೇವದುರ್ಗದಲ್ಲಿ ತಂಬಿಗೆಗೆ ತುಟಿ ಇಟ್ಟು, ಹೋಳಿಗೆ ಉಂಡು, ಬಸ್ಸು ಹಿಡಿದು ಮಾನ್ವಿಗೆ ಬಂದು, ಇನ್ನೊಂದು ತಂಬಿಗೆಗೆ ತುಟಿ ಇಟ್ಟು, ಮತ್ತೆ ಹೋಳಿಗೆ ಉಣ್ಣಬೇಕು. ಅಲ್ಲಿ ಕಡಿಮೆ ಉಂಡರೆ ದೊಡ್ಡವ್ವ ಮುನಿಯುತ್ತಾಳೆ, ಇಲ್ಲಿ ಕಡಿಮೆ ಉಂಡರೆ ಅವ್ವ. ಇದು ದುಃಖದ ದಿನವೆಂಬುದು ಎಲ್ಲರಿಗೂ ಮರೆತು, ಜೀರ್ಣಶಕ್ತಿಯ ಪರೀಕ್ಷೆಯ ದಿನವಾಗಿಬಿಟ್ಟಿತ್ತು.

ಕೊನೆಗೆ ಕೈ ಎತ್ತಿದ್ದು ಕಲ್ಲೂರಿನ ಸಣ್ಣಜ್ಜ. ಅವನು ಅಜ್ಜಿಯ ಖಾಸಾ ತಮ್ಮ, ಅವಳ ತಲೆಮಾರಿನಲ್ಲಿ ಉಳಿದಿರುವವನು ಅವನೊಬ್ಬನೇ. ನೀರು ಮೊದಲು ಕುಡಿಯಬೇಕಾದವನೂ ಅವನೇ. ಈ ವರ್ಷ ಎರಡೂ ಕಡೆಗೆ ಅವನು ಹೇಳಿಕಳಿಸಿದ: "ನನಗ ಇರೋದು ಒಂದ ಹೊಟ್ಟಿ. ಒಂದ ಕಡೆ ಮಾಡ್ರಿ, ಇಲ್ಲಂದ್ರ ನಾ ಯಾ ಕಡಿಗೂ ಬರಂಗಿಲ್ಲ. ಆ ಹುಡುಗಿ ಹತ್ರ ಮಷಿನ್ ಅದ ಅಂತಲ್ಲ, ಅದ ಹೇಳಲಿ." ಸಣ್ಣಜ್ಜ ಬಾರದಿದ್ದರೆ ತಂಬಿಗೆಗೆ ಮೊದಲ ತುಟಿ ಇಡುವವರಿಲ್ಲ, ನೆನಪಿನ ದಿನವೇ ಇಲ್ಲ. ಅವ್ವ, ದೊಡ್ಡವ್ವ ಇಬ್ಬರೂ ಒಪ್ಪಿದರು.

ನಿಮಗೊಂದು ನಿಜ ಹೇಳಿಬಿಡುತ್ತೇನೆ, ನನಗೆ ಭಯವಿತ್ತು. ಹಿತ್ತಾಳೆಯಲ್ಲಿ ಸತು ಧಾರಾಳವಾಗಿರುತ್ತದೆ. ಸತುವಿನ ಒಂದು ಕಿರಣವೂ ಬಂಗಾರದ ಒಂದು ಕಿರಣವೂ ಶಕ್ತಿಯಲ್ಲಿ ಅಕ್ಕಪಕ್ಕದ ಮನೆಯವರು; ಸತು ಗಂಟಲು ತೆಗೆದು ಮಾತಾಡುವಾಗ ಗುಲಗಂಜಿಯಷ್ಟು ಬಂಗಾರದ ಪಿಸುಮಾತು ಯಂತ್ರಕ್ಕೂ ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸಿತೇ ಅಂದುಕೊಳ್ಳಿ, ಆಗ ನಾನು ಇಬ್ಬರಲ್ಲಿ ಒಬ್ಬಳ ಮುಖ ನೋಡಿ, ನಿನ್ನದರಲ್ಲಿ ಇಲ್ಲ ಎನ್ನಬೇಕು. ಮೂಗುಬೊಟ್ಟು ಬಂಗಾರದ್ದೇ ಆಗಿತ್ತೇ ಎಂಬ ಪ್ರಶ್ನೆಯನ್ನಂತೂ ನಮ್ಮ ಬಳಗದಲ್ಲಿ ಯಾರೂ ಕೇಳಿರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಗೊತ್ತು ಮಾಡಿದ ದಿನ ಮಧ್ಯಾಹ್ನ ಇಬ್ಬರೂ ಬಂದರು, ಬೇರೆ ಬೇರೆ ಬಸ್ಸಿನಲ್ಲಿ, ಕೈಚೀಲದಲ್ಲಿ ಟವೆಲ್ಲು ಸುತ್ತಿದ ತಂಬಿಗೆ ಹಿಡಿದು. ನಾನು ಹಾಕಿದ ಎರಡು ಸ್ಟೂಲುಗಳನ್ನು ತಾವೇ ತಿರುಗಿಸಿಕೊಂಡು, ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತರು. ದೊಡ್ಡವ್ವ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, "ನೀ ಹೇಳೂದು ಬ್ಯಾಡ, ನೀ ಅಕಿ ಮಗಳು. ಮಷಿನ್ ಹೇಳಬೇಕು," ಎಂದಳು. ಅವ್ವ ಗೋಡೆಗೆ ಹೇಳಿದಳು: "ಮಷಿನ್‌ಗೆ ಅಕ್ಕ ಇಲ್ಲ, ತಂಗಿ ಇಲ್ಲ. ಅದು ಖರೇನ ಹೇಳ್ತದ." ಟವೆಲ್ಲು ಬಿಚ್ಚಿದೆ. ಎರಡೂ ತಂಬಿಗೆ ಬೆಳ್ಳಗೆ ಫಳಫಳ ಹೊಳೆಯುತ್ತಿದ್ದವು, ಹಿತ್ತಾಳೆಯ ಹಳದಿ ಎಲ್ಲೂ ಇರಲಿಲ್ಲ.

ದೊಡ್ಡವ್ವನದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ. ಅರ್ಧ ನಿಮಿಷದ ನಂತರ ಪರದೆ ಹೇಳಿತು: ತವರ, ಬಹುಪಾಲು ತವರ, ಅದರ ಹಿಂದಿನಿಂದ ಇಣುಕುವ ಚೂರು ತಾಮ್ರ. ಅವ್ವನದನ್ನಿಟ್ಟೆ. ತವರ, ಬಹುಪಾಲು ತವರ. ಇದೇನು ಮಾಡಿಕೊಂಡು ಬಂದಿರಿ ಎಂದು ಕೇಳಿದೆ. ಇಬ್ಬರೂ ಗೋಡೆಗಳಿಗೆ ಒಟ್ಟಿಗೆ ಉತ್ತರ ಕೊಟ್ಟರು: ಕಲಾಯಿ.

ನಮ್ಮ ಕಡೆ ಪಾತ್ರೆಗೆ ಕಲಾಯಿ, ಅಂದರೆ ತವರದ ಲೇಪ, ಹಾಕಿಸುವುದು ಒಳಗೆ, ಅಡಿಗೆ ಕಿಲುಬಬಾರದೆಂದು. ಹೊರಗೆ ಹುಣಸೆಹಣ್ಣು, ಬೂದಿ ಸಾಕು. ಆದರೆ ದೊಡ್ಡಾಸ್ಪತ್ರೆಗೆ ಹೋಗುವಾಗ ಮಗುವಿಗೆ ಹೊಸ ಅಂಗಿ ಹಾಕುವ ಮಂದಿ ನಾವು; ಎಕ್ಸ್‌ರೇಗೆ ಹೋಗುವ ತಂಬಿಗೆ ಹಳೆಯ ಮೈಯಲ್ಲಿ ಹೋಗುವುದುಂಟೇ? ದೊಡ್ಡವ್ವ ಎಂಟು ದಿನ ಮೊದಲೇ ರಾಯಚೂರಿಗೆ ಬಂದು ತೀನ್ ಕಂದೀಲ್ ಚೌಕದ ಹತ್ತಿರದ ಕಲಾಯಿ ಮಹಬೂಬಸಾಬರಿಗೆ ತಂಬಿಗೆ ಕೊಟ್ಟು, ಒಳಗೂ ಹೊರಗೂ ಹೊಡೆಯಿರಿ ಎಂದಿದ್ದಳು. ಮರುದಿನ ಅವ್ವ ಬಂದು ಅಲ್ಲಿಯೇ ಕೊಟ್ಟು ಅದನ್ನೇ ಅಂದಿದ್ದಳು. ಅಜ್ಜಿಯ ಪಾತ್ರೆಗಳು ಹೋಗುತ್ತಿದ್ದದ್ದು ಅವರೊಬ್ಬರ ಹತ್ತಿರವೇ. ಮಹಬೂಬಸಾಬರಿಗೆ ಫೋನು ಮಾಡಿದೆ. ಅವರ ದನಿಯಲ್ಲಿ ಕಸುಬಿನ ಹೆಮ್ಮೆ ತುಂಬಿತ್ತು: "ಹಾಂ ಬೇಟಿ, ಎರಡೂ ಕೂಡೇ ಮಾಡೀನಿ. ಒಂದರ ಬುಡ ನೆಗ್ಗಿತ್ತು, ಅದನ್ನೂ ಬಡದು ಸೀದಾ ಮಾಡೀನಿ. ಈಗ ಯಾವ್ದು ಯಾರ್ದು ಅಂತ ನನಗೂ ಗೊತ್ತಾಗಂಗಿಲ್ಲ, ಅಷ್ಟು ನೀಟ್ ಆಗ್ಯಾವ." ಯಾರಿಗೆ ಯಾವುದನ್ನು ಕೊಟ್ಟಿರಿ ಎಂದೆ. ಮೊದಲು ಬಂದವರಿಗೆ ಮೊದಲು ಕೈಗೆ ಸಿಕ್ಕಿದ್ದು ಎಂದರು.

ಆ ಕ್ಷಣ ನಾನು ನನ್ನ ವಿಜ್ಞಾನದ ಬಗ್ಗೆ ಯೋಚಿಸಿದ್ದನ್ನು ನಿಮಗೆ ಹೇಳಬೇಕು. ನಮ್ಮ ಕಿರಣ ಲೋಹದ ಆಳಕ್ಕೆ ಹೋಗುತ್ತದೆಂದು ಮಂದಿ ತಿಳಿದಿದ್ದಾರೆ. ಅದು ಹೋಗುವುದು ಕೂದಲೆಳೆಯಷ್ಟೂ ಅಲ್ಲ. ಮೇಲಿನ ತೊಗಲನ್ನು ಮುಟ್ಟಿ, ಅದರ ಮಾತು ಕೇಳಿ, ಇಡೀ ವಸ್ತುವಿನ ಜಾತಕ ಬರೆದುಬಿಡುತ್ತದೆ. ಮೇಲಿನಿಂದ ನೀರು ಸುರಿದವರೂ ನನ್ನ ಅಜ್ಜಿಯನ್ನು ಇಷ್ಟೇ ಆಳಕ್ಕೆ ನೋಡಿದ್ದರು. ನನಗೆ ಆ ಯಂತ್ರದ ಮೇಲೆ ಮೊದಲ ಸಲ ಸಿಟ್ಟು ಬಂತು, ಆಮೇಲೆ ಅದರ ತಪ್ಪೇನಿದೆ ಎನಿಸಿತು, ಅದು ಯಾರನ್ನೂ ಬಾಯಾರಿಸಿಲ್ಲ.

ಒಂದೇ ದಾರಿ ಉಳಿದಿತ್ತು. ಅರದಿಂದ ತಳದಲ್ಲಿ ಒಂದು ಕಾಳಿನಷ್ಟು ಕಲಾಯಿ ಕೆರೆದು ನೋಡಬೇಕು ಎಂದೆ.

"ಅಕೀದು ಕೆರಿ," ಎಂದಳು ದೊಡ್ಡವ್ವ.

"ಅಕೀದು ಕೆರಿ," ಎಂದಳು ಅವ್ವ.

ಯಾವುದು ಯಾರದೆಂದೇ ಗೊತ್ತಿಲ್ಲದಾಗ ಯಾರದನ್ನು ಕೆರೆಯುವುದು? ಅರ ಕೈಯಲ್ಲಿ ಹಿಡಿದು ನಿಂತ ನನಗೆ ತಲೆ ಕೆಟ್ಟು ಹೋಯಿತು. ದೊಡ್ಡವ್ವನ ಮುಂದೆ ಕೂತು, "ದೊಡ್ಡವ್ವಾ, ನಿನ್ನದರಾಗನ ಅದ ಅಂತ ನಿನಗ ಯಾರು ಹೇಳಿದ್ರು, ಅದನ್ನರೆ ಹೇಳು," ಎಂದೆ. ಅವಳು ನನ್ನನ್ನು ಬಿಟ್ಟು ಪೆಟ್ಟಿಗೆಯ ಕಡೆ ತಿರುಗಿದಳು. "ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡೀನಿ. ತಂಗಿಗೆ ಹೇಳಾಕತ್ತಿಲ್ಲ, ಮಷಿನ್‌ಗೆ ಹೇಳಾಕತ್ತೀನಿ. ಮದುವಿ ದಿನ ಅವ್ವ ಕಿವ್ಯಾಗ ಹೇಳಿದ್ಳು: ನನ್ನ ಮೂಗುಬಟ್ಟು ನಿನ್ನ ತಂಬಿಗ್ಯಾಗ ಅದ. ತಂಗಿಗೆ ಹೇಳಬ್ಯಾಡ, ಸಣ್ಣಾಕಿ, ಅಳ್ತಾಳ."

ಅವ್ವ ಸ್ಟೂಲು ತಿರುಗಿಸಿದಳು. ಅವಳೂ ಪೆಟ್ಟಿಗೆಯನ್ನೇ ನೋಡುತ್ತಿದ್ದಳು, ಅವಳೂ ಪೆಟ್ಟಿಗೆಗೇ ಹೇಳಿದಳು. "ನನಗೂ ಮದುವಿ ದಿನಾನ ಹೇಳಿದ್ಳು. ನನ್ನ ಮೂಗುಬಟ್ಟು ನಿನ್ನ ತಂಬಿಗ್ಯಾಗ ಅದ. ಅಕ್ಕಗ ಹೇಳಬ್ಯಾಡ, ದೊಡ್ಡಾಕಿ, ಮನಸಿಗೆ ಹಚ್ಕೋತಾಳ."

ದೊಡ್ಡವ್ವ ನಿಧಾನಕ್ಕೆ ಕತ್ತು ತಿರುಗಿಸಿ, ಒಂಬತ್ತು ವರ್ಷಗಳ ನಂತರ, ತಂಗಿಯ ಮುಖ ನೋಡಿದಳು. "ನಿನಗೂ ಅಂದಿದ್ಳಾ?" ಎಂದಳು. ಅವ್ವ ಹೂಂ ಅಂದಳು. "ಮುದುಕಿ," ಎಂದಳು ದೊಡ್ಡವ್ವ, ಅಷ್ಟೇ ಅಂದು ನಗತೊಡಗಿದಳು, ನಗುತ್ತ ನಗುತ್ತ ಸೆರಗು ಕಣ್ಣಿಗೆ ಹೋಯಿತು. ಅವ್ವನದೂ ಹೋಯಿತು. ನನ್ನ ಪರದೆಯ ಮೇಲೆ ಮತ್ತೆ ಪರೀಕ್ಷಿಸಬೇಕೇ ಎಂಬ ಸಾಲು ಮಿನುಗುತ್ತಿತ್ತು. ನಾನು ಬೇಡ ಎಂಬುದನ್ನು ಒತ್ತಿ, ಪಕ್ಕದ ಅಂಗಡಿಯಿಂದ ಮೂರು ಚಹಾ ತರಿಸಿದೆ.

ಅಕ್ಕ ತಂಗಿ ಜೊತೆಯಾಗಿಯೇ ಬಸ್ ನಿಲ್ದಾಣಕ್ಕೆ ಹೋದರು, ಹೋಗುವಾಗ ಕೈಗೆ ಸಿಕ್ಕ ತಂಬಿಗೆಯನ್ನು ಸಿಕ್ಕವರು ಎತ್ತಿಕೊಂಡರು. ಈ ವರ್ಷದ ನೆನಪಿನ ದಿನ ಕಲ್ಲೂರಿನಲ್ಲಿ, ಸಣ್ಣಜ್ಜನ ಅಂಗಳದಲ್ಲಿ ನಡೆಯಿತು. ಫೋಟೋದ ಮುಂದೆ ಎರಡೂ ತಂಬಿಗೆ ಇದ್ದವು. ಸಣ್ಣಜ್ಜ ಎರಡಕ್ಕೂ ತುಟಿ ಇಟ್ಟು, ಒಂದೇ ಊಟ ಉಂಡು, ಗೋಡೆಗೊರಗಿ ನಿದ್ದೆಹೋದ.

ಮೊನ್ನೆ ಮಾನ್ವಿಗೆ ಹೋಗಿದ್ದೆ. ಕಟ್ಟೆಯ ಮೇಲೆ ತಂಬಿಗೆ ಇತ್ತು, ಕಲಾಯಿ ಅಂಚಿನಲ್ಲಿ ಆಗಲೇ ಸವೆದು ಹಳದಿ ಕಾಣುತ್ತಿತ್ತು. ಅಲ್ಲಿ ಗನ್ನು ಹಿಡಿದರೆ ತಿಳಿಯಬಹುದೇನೋ ಎಂಬ ಯೋಚನೆ ಒಂದು ಕ್ಷಣ ಬಂದು ಹೋಯಿತು. ಬೆರಳು ತಾಗಿತು, ಟಕ್ ಟಕ್ ಎಂದು ಅಲ್ಲಾಡಿತು. ಬಗ್ಗಿ ನೋಡಿದೆ. ತಳ ಈಗ ಎಲ್ಲ ಕಡೆ ಸಪಾಟು, ತಾನೇ ನೆಟ್ಟಗೆ ಕೂಡಬಲ್ಲದು. ಅವ್ವ ರೂಢಿಯ ಮೇಲೆ ಅದರ ಅಡಿಯಲ್ಲಿ ಹುಣಸೆ ಬೀಜ ಇಟ್ಟಿದ್ದಾಳೆ, ಆ ಬೀಜಕ್ಕೇ ಅದು ಅಲ್ಲಾಡುತ್ತಿದೆ.

ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನೇ ಒಲೆಯ ಹತ್ತಿರದಿಂದ ಹೇಳಿದಳು: "ಅಳ್ಳಾಡ್ತದ ನೋಡು. ಮಹಬೂಬಸಾಬ್ ಎಷ್ಟು ಬಡದ್ರೂ ಹೋಗಿಲ್ಲ. ಇದು ನಮ್ಮದ ಅದ."

ನಾನು ಎಂಎಸ್ಸಿ ಓದಿದವಳು. ಹೂಂ ಎಂದು ತಂಬಿಗೆ ಎತ್ತಿ, ಅಂಚಿಗೆ ತುಟಿ ಇಟ್ಟು ನೀರು ಕುಡಿದೆ, ಕುಡಿದು ಮತ್ತೆ ಆ ಬೀಜದ ಮೇಲೆಯೇ ಇಟ್ಟೆ.