ಹಲ್ಲು ಮುರಿದುಕೊಂಡ ಬೋಟು

2001ನೇ ಇಸವಿ, ದೀಪಾವಳಿ ಆಗಷ್ಟೇ ಮುಗಿದಿತ್ತು. ಮಾಚೇನಹಳ್ಳಿಯಲ್ಲಿ ನಾನೂ ನನ್ನ ಗಂಡ ಗುರುಮೂರ್ತಿಯೂ ನಡೆಸುತ್ತಿದ್ದ ಸಣ್ಣ ವರ್ಕ್‌ಶಾಪಿನ ಮುಂದೆ ಒಂದು ಲಗೇಜ್ ಆಟೋ ಬಂದು ನಿಂತಿತು. ಪವರ್ ಟಿಲ್ಲರ್, ಅಕ್ಕಿ ಗಿರಣಿ, ಕಬ್ಬಿನ ಗಾಣ, ಇವುಗಳ ಗೇರ್ ರಿಪೇರಿಯೇ ನಮ್ಮ ಕಸುಬು. ಲೇತ್ ಅವರದು, ಬಿಚ್ಚುವುದು, ಅಳೆಯುವುದು, ಜೋಡಿಸುವುದು ನನ್ನದು. ಭದ್ರಾವತಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ಇಡೀ ಕ್ಲಾಸಿಗೆ ನಾನೊಬ್ಬಳೇ ಹುಡುಗಿ. ಕೈಗೆ ಗ್ರೀಸ್ ಮೆತ್ತಿಕೊಳ್ಳುವ ನಾಚಿಕೆ ಆಗಲೇ ಹೊರಟುಹೋಗಿತ್ತು.

ಆಟೋದಿಂದ ಇಳಿದವರು ಇಬ್ಬರು. ಒಬ್ಬರು ಇಬ್ರಾಹಿಂ ಸಾಬರು, ಮೊದಲು ಭದ್ರಾವತಿಯಲ್ಲಿ ಲಾರಿ ಓಡಿಸುತ್ತಿದ್ದವರು, ಈಗ ಭದ್ರಾ ಹಿನ್ನೀರಿನಲ್ಲಿ ಬೋಟ್ ಡ್ರೈವರ್. ಇನ್ನೊಬ್ಬಳು ಮುನಿಯಮ್ಮ, ಹಿನ್ನೀರಿನ ಆಚೆ ದಡದ ಮೀನುಗಾರರ ಕೇರಿಯವಳು. ಇಬ್ಬರೂ ಸೇರಿ ಗೋಣಿಚೀಲದಲ್ಲಿ ಸುತ್ತಿದ್ದ ಭಾರವಾದ ಏನನ್ನೋ ಇಳಿಸಿ ನನ್ನ ಮೇಜಿನ ಮೇಲಿಟ್ಟರು.

"ಬೋಟಿನ ಗೇರ್ ಪೆಟ್ಟಿಗೆ ಮೇಡಂ," ಅಂದರು ಸಾಬರು. "ಮುಂದಕ್ಕೆ ಹಾಕಿದ್ರೆ ಕಟಕಟ ಅಂತ ಕಲ್ಲು ಅಗಿದಂಗೆ ಶಬ್ದ. ಆಮೇಲೆ ಎಂಜಿನ್ ಕೂಗುತ್ತೆ, ಬೋಟು ಹೋಗಲ್ಲ. ಮೊನ್ನೆ ಸ್ಕೂಲ್ ಮಕ್ಕಳನ್ನ ಕೂರಿಸಿಕೊಂಡು ನಡುನೀರಲ್ಲಿ ನಿಂತೋಯ್ತು. ರಿವರ್ಸಲ್ಲೇ ದಡ ಸೇರಿಸ್ದೆ. ಹಿಂದಿನಿಂದ ನೀರು ಒಳಗೆ ನುಗ್ತಾ ಇತ್ತು, ಮಕ್ಕಳು ಟಿಫನ್ ಡಬ್ಬಿಯಲ್ಲಿ ಎತ್ತಿ ಎತ್ತಿ ಹಾಕಿದ್ರು."

ಆ ಬೋಟನ್ನು ಊರವರೇ ಸೇರಿ ಮಂಗಳೂರಿನ ಕಡೆಯಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡು ತಂದಿದ್ದರು. ಅದರ ಎಂಜಿನ್ ಬೋಟಿನೊಳಗೆ, ಹಿಂಭಾಗದಲ್ಲಿ ಇರುತ್ತದೆ. ಶಕ್ತಿ ಮಾತ್ರ ಹಿಂದಿನ ಗೋಡೆ ದಾಟಿ ಹೊರಗೆ ನೇತಾಡುವ ಕಾಲಿನಂಥ ಒಂದು ಭಾಗಕ್ಕೆ ಹೋಗುತ್ತದೆ. ಆ ಕಾಲಿಗೆ ಮೇಲೊಂದು ಗೇರ್ ಪೆಟ್ಟಿಗೆ, ನೀರೊಳಗೆ ಇನ್ನೊಂದು, ಅದರ ತುದಿಗೆ ನೀರು ತಳ್ಳುವ ಫ್ಯಾನು. ಎರಡೂ ಪೆಟ್ಟಿಗೆಗಳಿಗೆ ಓಡಾಡುವ ಆಯಿಲ್ ಒಂದೇ. ಸಾಬರು ಬಿಚ್ಚಿ ತಂದದ್ದು ಮೇಲಿನ ಪೆಟ್ಟಿಗೆ.

"ಕಂಪನಿಯವ್ರು ಏನಂದ್ರು?" ನನ್ನ ಗಂಡ ಕೇಳಿದರು.

"ಗೇರು ಫಾರಿನ್‌ನಿಂದ ಬರಬೇಕಂತೆ. ಬರೋ ಹೊತ್ತಿಗೆ ಪರೀಕ್ಷೆನೇ ಬಂದ್ಬಿಡುತ್ತೆ."

ಆಗ ಮುನಿಯಮ್ಮ ಬಾಯಿ ಬಿಟ್ಟಳು. "ಅಕ್ಕಾ, ನಮ್ ಕವಿತಾ ಹತ್ತನೇ ಕ್ಲಾಸು. ರೋಡಲ್ಲಿ ಹೋಗ್ಬೇಕಂದ್ರೆ ಕಾಡು ಸುತ್ಕೊಂಡು ಹೋಗ್ಬೇಕು, ಸ್ಕೂಲ್ ಸೇರೋ ಹೊತ್ತಿಗೆ ಮಧ್ಯಾಹ್ನ. ಬೋಟ್ ನಿಂತಿದ್ದೇ ತಡ, ನಮ್ ಕೇರಿಲಿ ಇಬ್ರು ಹೆಣ್ಮಕ್ಕಳನ್ನ ಎಸ್ಟೇಟ್ ಕೆಲಸಕ್ಕೆ ಕಳಿಸ್ಬಿಟ್ರು. ನನ್ ಗಂಡನೂ ಹಂಗೇ ಅಂತಾವ್ನೆ. ಇದು ರಿಪೇರಿ ಆಗೋ ತನಕ ನಾನು ಊರಿಗೆ ಹೋಗಲ್ಲ. ಭದ್ರಾವತಿಲಿ ನಮ್ಮಕ್ಕನ ಮನೆಲಿರ್ತೀನಿ, ದಿನಾ ಬರ್ತೀನಿ."

"ನೀರಿನ ಸಾಮಾನು ನಮಗೆ ಗೊತ್ತಿಲ್ಲ, ಯಾಕೆ ಬೇಕು ಮಾರಾಯ್ತಿ?" ಎಂದು ನನ್ನ ಗಂಡ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಗೇರಿಗೆ ನೀರಾದ್ರೇನು, ನೆಲ ಆದ್ರೇನು? ನೋಡೋಣ ಇರಿ" ಅಂದೆ. ಅಷ್ಟು ಹೊತ್ತಿಗೆ ಸ್ಪ್ಯಾನರ್ ಕೈಯಲ್ಲಿತ್ತು.

ಪೆಟ್ಟಿಗೆಯಲ್ಲಿ ಉಳಿದಿದ್ದ ಆಯಿಲ್ ಬಗ್ಗಿಸಿದರೆ ಹಾಲು ಹಾಕಿದ ಕಾಫಿ! ಒಳಗೆ ನೀರು ಸೇರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದರಲ್ಲಿ ಬೆರಳಾಡಿಸಿದರೆ ಮರಳಿನ ಹಾಗೆ ಕಬ್ಬಿಣದ ಚೂರು. ರಿವರ್ಸ್‌ನಲ್ಲಿ ಬೋಟು ಶಬ್ದವಿಲ್ಲದೆ ಓಡಿತ್ತಲ್ಲ, ಹಾಗಾದರೆ ಎಂಜಿನ್ನೂ ಕೆಳಗಿನ ಗೇರುಗಳೂ ಗಟ್ಟಿಯಾಗಿವೆ, ಪೆಟ್ಟು ಬಿದ್ದಿರುವುದು ಮುಂದಕ್ಕೆ ಓಡಿಸುವ ಗೇರಿಗೆ ಎಂದು ಊಹಿಸಿದೆ. ಬಿಚ್ಚಿದಾಗ ಹಾಗೇ ಇತ್ತು. ನೀರು ತಾಗಿ ಬೇರಿಂಗ್ ತುಕ್ಕು ಹಿಡಿದು ಸವೆದಿತ್ತು. ಅದು ಸಡಿಲಾಗಿ ಗೇರು ಓಲಾಡಿ, ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಂಡು, ಆ ತುದಿಗಳೇ ಮುರಿದಿದ್ದವು.

ಅಂಥ ಓರೆ ಹಲ್ಲಿನ ಗೇರನ್ನು ಕೊರೆಯುವ ಮೆಷಿನ್ ನಮ್ಮಲ್ಲಿರಲಿ, ಶಿವಮೊಗ್ಗದಲ್ಲೇ ಇರಲಿಲ್ಲ. ತಲೆ ಕೆರೆದುಕೊಂಡು ರಿವರ್ಸ್ ಗೇರನ್ನು ತೊಳೆದು ಪಕ್ಕಕ್ಕಿಟ್ಟೆ. ಹೊಸದರಂತೆ ಹೊಳೆಯುತ್ತಿತ್ತು. ಇಡೀ ದಿನ ಬೋಟು ಹಿಂದೆ ಓಡುವುದು ದಡ ಮುಟ್ಟುವಾಗ ಮಾತ್ರ ತಾನೇ! ಅಳೆದೆ. ಇನ್ನೊಮ್ಮೆ ಅಳೆದೆ. ಎರಡೂ ಅವಳಿ ಜವಳಿ.

"ರೀ, ಇವೆರಡನ್ನ ಅದಲು ಬದಲು ಮಾಡೋಣ" ಅಂದೆ.

"ಅದೇನು ಚಪ್ಪಲಿನಾ, ಎಡದ್ದು ಬಲಕ್ಕೆ ಹಾಕೋಕೆ?" ಎಂದು ನಕ್ಕವರು, ತಾವೇ ಅಳೆದು ನೋಡಿ ಒಪ್ಪಿದರು. ಮುರಿದ ಗೇರಿನ ಚೂಪು ಅಂಚುಗಳನ್ನು ಉಜ್ಜಿ ನುಣುಪು ಮಾಡಿಕೊಟ್ಟವರೂ ಅವರೇ. ಹೊಸ ಗೇರು ಬರುವ ತನಕ ರಿವರ್ಸ್ ಮುಟ್ಟಬಾರದು, ದಡದಲ್ಲಿ ಬಿದಿರು ಗಳ ಊರಿ ಬೋಟು ನಿಲ್ಲಿಸಬೇಕು ಎಂದು ಸಾಬರಿಗೆ ತಾಕೀತು ಮಾಡಿದೆವು.

ಬೇರಿಂಗಿಗಾಗಿ ಶಿವಮೊಗ್ಗದ ಅಂಗಡಿಗಳನ್ನೆಲ್ಲ ಸುತ್ತಿದೆ. ಕೊನೆಗೆ ಲಾರಿ ಬಿಡಿಭಾಗದ ಅಂಗಡಿಯೊಂದರಲ್ಲಿ ಅದೇ ನಂಬರಿನದು ಸಿಕ್ಕಿತು. ಗೇರಿನ ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆ ನೋಡಿ, ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆಗಳನ್ನು ಹಾಕಿ ತೆಗೆದು, ಮತ್ತೆ ಹಾಕಿ ತೆಗೆದು ಸಾಕಾಯಿತು. ಮುನಿಯಮ್ಮ ದಿನಾ ಬಂದು ಬಾಗಿಲ ಬಳಿ ಕೂರುತ್ತಿದ್ದಳು. "ಆಯ್ತಾ ಅಕ್ಕಾ?" ಎಂದು ಒಂದು ಸಲವೂ ಕೇಳಲಿಲ್ಲ. ಕೇಳದೆ ಕೂತದ್ದೇ ಹೆಚ್ಚು ಒತ್ತಾಯವಾಗಿತ್ತು. ನೀಲಿ ಗುರುತು ಕೊನೆಗೂ ಹಲ್ಲಿನ ನಟ್ಟನಡುವೆ ಬಿದ್ದಾಗ ಅವಳನ್ನು ಕರೆದು ತೋರಿಸಿದೆ. ಏನರ್ಥವಾಯಿತೋ, ಕೈ ಮುಗಿದಳು.

ಪೆಟ್ಟಿಗೆಯ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ನೀರು ಅಲ್ಲಿಂದಲೇ ನುಗ್ಗಿದೆ ಎಂದುಕೊಂಡು ಅದನ್ನೂ ಬದಲಾಯಿಸಿ ನಾವೆಲ್ಲ ಹಿನ್ನೀರಿಗೆ ಹೋದೆವು. ಪೆಟ್ಟಿಗೆಯನ್ನು ಬೋಟಿಗೆ ಜೋಡಿಸಿ, ಕಾಲಿನಲ್ಲಿದ್ದ ಹಳೆ ಆಯಿಲ್ ಬಸಿದು ಹೊಸದು ತುಂಬಿದೆವು.

ಸಾಬರು ನಮ್ಮನ್ನೆಲ್ಲ ಕೂರಿಸಿಕೊಂಡು, ಎಂಜಿನ್ ಎಬ್ಬಿಸಿ ಮುಂದಕ್ಕೆ ಹಾಕಿದರು. ಶಬ್ದವಿಲ್ಲ! ಬೋಟು ನೀರು ಸೀಳಿಕೊಂಡು ಆಚೆ ದಡಕ್ಕೆ ಹೋಗಿ ಮುಟ್ಟಿತು. ಅಲ್ಲಿ ಕಾಯುತ್ತಿದ್ದ ಹೆಣ್ಣುಮಕ್ಕಳು ಕೇಕೆ ಹಾಕಿದರು. ಅವರ ಹೆಗಲಲ್ಲಿ ಆಗಲೇ ಸ್ಕೂಲ್ ಬ್ಯಾಗು.

ಹತ್ತಿಸುವ ಮೊದಲು ಒಮ್ಮೆ ನೋಡೋಣ ಎಂದು ಎಂಜಿನ್ ನಿಲ್ಲಿಸಿ, ಕಾಲನ್ನು ಮೇಲೆತ್ತಿ, ಆಯಿಲ್ ಬಸಿಯುವ ಕೆಳಗಿನ ಬಿರಡೆ ಸಡಿಲಿಸಿ ಒಂದಿಷ್ಟು ಆಯಿಲ್ ಅಂಗೈಗೆ ಹಿಡಿದೆ. ಬೆಳ್ಳಗಿತ್ತು. ಒಳಗೆ ಮತ್ತೆ ನೀರು ಸೇರಿತ್ತು.

"ಇವತ್ತು ಮಕ್ಕಳು ಹತ್ತೋದು ಬೇಡ" ಅಂದೆ.

ದಡದಲ್ಲಿದ್ದವರೆಲ್ಲ ಒಮ್ಮೆಲೇ ಕೂಗಾಡಿದರು. ಸಾಬರೂ, "ಚೆನ್ನಾಗಿ ಓಡ್ತಿದೆ ಮೇಡಂ, ಸ್ವಲ್ಪ ದಿನ ಓಡ್ಲಿ, ಆಮೇಲೆ ನೋಡಣ" ಅಂದರು. ಮುನಿಯಮ್ಮನಂತೂ ಕೆರಳಿಬಿಟ್ಟಳು. "ಓಡೋ ಬೋಟ್‌ನ ನಿಲ್ಲಿಸ್ತೀರಲ್ಲ! ನಾಳೆ ನನ್ ಮಗಳನ್ನ ಎಸ್ಟೇಟಿಗೆ ಕಳಿಸಿದ್ರೆ ಬಂದು ಬಿಡಿಸ್ಕೊಡ್ತೀರಾ?"

"ಈ ಸಲ ನಡುನೀರಲ್ಲಿ ನಿಂತ್ರೆ ದಡ ಸೇರೋಕೆ ರಿವರ್ಸೂ ಇಲ್ಲ ಮುನಿಯಮ್ಮಾ. ಬೈಯೋದಾದ್ರೆ ಬೈಯಿರಿ, ನಾನಂತೂ ಹತ್ತಿಸೋಕೆ ಬಿಡಲ್ಲ" ಎಂದು ಬೋಟಿನ ಮುಂದೆಯೇ ನಿಂತೆ.

ನನ್ನ ಗಂಡ ಕೇರಿಯೊಳಗಿಂದ ಒಂದು ಸೈಕಲ್ ಪಂಪು ತಂದರು. ಕಾಲಿನೊಳಗಿನ ಆಯಿಲನ್ನೆಲ್ಲ ಬಸಿದು, ಬಿರಡೆಯ ತೂತಿಗೆ ಪಂಪು ಜೋಡಿಸಿ ಮೆಲ್ಲಗೆ ಗಾಳಿ ತುಂಬಿದರು. ನಾನು ಹೊರಗೆಲ್ಲ ಸೋಪಿನ ನೀರು ಹಚ್ಚುತ್ತಾ ಬಂದೆ. ಮೇಲಿನ ಪೆಟ್ಟಿಗೆ ತೆಪ್ಪಗಿತ್ತು. ಕೆಳಗೆ, ಫ್ಯಾನಿನ ಬುಡದಲ್ಲಿ, ಬುಳುಬುಳು ಗುಳ್ಳೆ!

ಫ್ಯಾನು ಬಿಚ್ಚಿದೆವು. ಅದರ ಹಿಂದೆ, ತಿರುಗುವ ಸರಳಿಗೆ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡು, ಬಿಸಿಗೆ ಕರಗಿ ಬಳೆಯಂತಾಗಿತ್ತು. ನೀರು ತಡೆಯುವ ರಬ್ಬರ್ ಸೀಲನ್ನು ಅದೇ ಕುಯ್ದು ಹಾಕಿತ್ತು. ಇಷ್ಟಕ್ಕೆಲ್ಲ ಮೂಲ ಸಿಕ್ಕಿತು ಎಂಬ ಖುಷಿಯಲ್ಲಿ ಚಾಕುವಿನಿಂದ ಅದನ್ನು ಬಿಡಿಸಿ ಮುನಿಯಮ್ಮನ ಕೈಗೆ ಕೊಟ್ಟೆ.

ಅವಳು ದಾರದ ಸಿಕ್ಕನ್ನು ಉಗುರಿನಿಂದ ಬಿಡಿಸಿ ನೋಡಿದಳು. ಹಸಿರು ದಾರದ ನಡುವೆ ಕೆಂಪು ದಾರದ ಗಂಟು.

"ಇದು ನಮ್ ಬಲೆ ಅಕ್ಕಾ," ಅಂದಳು, ನನಗೊಬ್ಬಳಿಗೇ ಕೇಳುವಂತೆ. "ಕೆಂಪು ದಾರದಲ್ಲಿ ಗಂಟು ಹಾಕೋದು ನಾನೊಬ್ಬಳೇ. ಹರಿದಿದ್ದನ್ನ ಕೊಯ್ದು ನೀರಿಗೇ ಎಸೀತಿದ್ವಿ."

"ಹೋಗ್ಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ" ಅಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದು, ಇನ್ನೂ ಗೊಣಗುತ್ತಿದ್ದ ಆ ಗುಂಪಿನ ನಡುವೆ ಹೋಗಿ ದಾರವನ್ನು ಎತ್ತಿ ಹಿಡಿದಳು.

"ಎಲ್ರೂ ನೋಡ್ಕೊಳ್ಳಿ. ಬೋಟ್ ಕೆಡಿಸಿದ್ದು ಇದು. ನಮ್ಮನೆ ಬಲೆದು. ಈ ಅಕ್ಕನ ಮೇಲೆ ಸುಮ್ನೆ ರೇಗಾಡ್ಬಿಟ್ಟೆ. ಇವತ್ತಿಂದ ನಾನಾಗ್ಲಿ, ಬೇರೆ ಯಾರಾಗ್ಲಿ, ಹರಿದ ಬಲೆ ನೀರಿಗೆ ಹಾಕಿದ್ರೆ ನಾನು ಸುಮ್ನಿರಲ್ಲ."

ಅವಳ ಗಂಡ ತಲೆ ತಗ್ಗಿಸಿ ನಿಂತಿದ್ದ. ಗುಂಪಿನಿಂದ ಯಾರೋ ಒಬ್ಬರು, "ನಾವೂ ಹಾಕಿದೀವಿ ಕಣಮ್ಮಾ, ನೀನೊಬ್ಳೇ ಅಲ್ಲ" ಅಂದರು.

ಮಾರನೆಯ ದಿನ ಶಿವಮೊಗ್ಗದಿಂದ ಹೊಸ ಸೀಲು ತಂದೆವು. ಹಳೆಯದು ಕೂತಿದ್ದ ಜಾಗದಲ್ಲಿ ಸರಳು ಸವೆದು ಗೆರೆ ಬಿದ್ದಿದ್ದರಿಂದ, ಹೊಸದನ್ನು ಕೂದಲೆಳೆಯಷ್ಟು ಈಚೆಗೆ, ನುಣುಪು ಇರುವಲ್ಲಿ ಕೂರಿಸಿದೆ. ಪಂಪು ಹೊಡೆದರೆ ಒಂದೂ ಗುಳ್ಳೆ ಏಳಲಿಲ್ಲ. ಹೊಸ ಆಯಿಲ್ ತುಂಬಿ, ಖಾಲಿ ಬೋಟಿನಲ್ಲಿ ಹಿನ್ನೀರನ್ನು ಸಾಕೆನಿಸುವಷ್ಟು ಸುತ್ತಿ ಬಂದು ಮತ್ತೆ ಅಂಗೈಗೆ ಹಿಡಿದು ನೋಡಿದೆ. ಜೇನುತುಪ್ಪದ ಬಣ್ಣ ಹಾಗೇ ಇತ್ತು.

"ಹತ್ಕೊಳ್ರಮ್ಮಾ" ಅಂದೆ ಮಕ್ಕಳಿಗೆ.

ಎಸ್ಟೇಟಿಗೆ ಹೋಗಿದ್ದ ಇಬ್ಬರಲ್ಲಿ ಒಬ್ಬಳು ಮಾತ್ರ ಮರುವಾರ ವಾಪಸು ಬಂದಳಂತೆ. ಇನ್ನೊಬ್ಬಳು ಬರಲೇ ಇಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ. ಹೊಸ ಗೇರು ಬೇಸಿಗೆಯಲ್ಲಿ ಬಂತು. ಅದನ್ನು ಕೂರಿಸಲು ಹೋದಾಗ ಕವಿತಾ ಪರೀಕ್ಷೆ ಬರೆದು ಮುಗಿಸಿದ್ದಳು.

ಆಮೇಲೆ ಎಷ್ಟೋ ಗೇರುಗಳನ್ನು ಬಿಚ್ಚಿದ್ದೇನೆ. ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ಕೇಳಿದರೆ "ಗೊತ್ತಿಲ್ಲ, ತಾನಾಗೇ ಆಯ್ತು" ಅನ್ನುವವರೇ ಹೆಚ್ಚು. ಆಗೆಲ್ಲ ಮುನಿಯಮ್ಮ ನೆನಪಾಗುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ನಾನು ಹೇಳಿದ ಮೇಲೂ ಎದ್ದು ಹೋದಳಲ್ಲ, ಆ ನಡಿಗೆಯನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.