ಅತ್ತೆಯ ಮೊಪೆಡ್ ಜೊತೆ ಓಡಿದ ಕರಿಯ

ಅಂಗಡಿಯಲ್ಲಿ ಕೊಬ್ಬರಿಯ ಘಮ ಮೂಗಿಗೆ ಬಡಿದದ್ದೇ ತಡ, ಹೊನ್ನವಳ್ಳಿಯ ನಮ್ಮ ಅತ್ತೆ ಮನೆಯಲ್ಲಿದ್ದ ನಾಯಿ ಕರಿಯ ನೆನಪಾಯಿತು. ಕಟ್ಟಿಹಾಕಿದಲ್ಲೇ ಕೊಬ್ಬರಿ ಚೂರು ತಿಂದು ತಿಂದು, ಹೊಸಿಲು ದಾಟಲೂ ಏದುಸಿರು ಬಿಡುವಷ್ಟು ಊದಿತ್ತು. ತೋಟಕ್ಕೆ ಮಂಗ ನುಗ್ಗಿದರೆ ಕೂತಲ್ಲೇ ಬೊಗಳುತ್ತಿತ್ತು.

ಅತ್ತೆಗೆ ರೇಗಿತು. ದಿನಾ ಬೆಳಿಗ್ಗೆ ಮೊಪೆಡ್ಡನ್ನು ನಿಧಾನವಾಗಿ ಬಿಡುತ್ತಾ, ಕೆರೆ ಏರಿಯ ಮೇಲೆ ಕರಿಯನನ್ನು ಜೊತೆಗೆ ಓಡಿಸತೊಡಗಿದರು.

"ನಾಯಿಗೂ ಡ್ರಿಲ್ಲೇನಮ್ಮ?" ಪಕ್ಕದ ತೋಟದ ಶಿವಣ್ಣ ನಕ್ಕರು.

"ನಗಪ್ಪ, ನಗು. ಕಟ್ಟಾಕಿದ್ರೆ ನೀನೂ ಹಿಂಗೇ ಊದ್ಕೋತೀಯ!"

ತಿಂಗಳುಗಳು ಕಳೆದವು. ಮತ್ತೆ ಮಂಗಗಳು ಎಳನೀರಿಗೆ ಬಂದಾಗ ಕರಿಯ ಬಾಣದಂತೆ ನುಗ್ಗಿ, ಇಡೀ ಹಿಂಡನ್ನು ಶಿವಣ್ಣನ ತೋಟಕ್ಕೇ ಅಟ್ಟಿತು!

ಮರುದಿನ ಏರಿಯ ಮೇಲೆ ಶಿವಣ್ಣ ತಮ್ಮ ನಾಯಿ ಹಿಡಿದು ನಿಂತಿದ್ದರು. "ಇದನ್ನೂ ಒಸಿ ಓಡ್ಸಮ್ಮ."

ಇದನ್ನೆಲ್ಲ ನೆನೆಯುತ್ತಾ ಅಂಗಡಿಯಿಂದ ಮನೆಗೆ ಬಂದರೆ, ನಾನೀಗ ಸಾಕಿರುವ ನಾಯಿ ಟಾಮಿ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿತ್ತು. ಅತ್ತೆಯ ಗತ್ತಿನಲ್ಲೇ ಕೂಗಿದೆ: "ಏಳ್ಲಾ, ಓಡಾನ ಬಾ!"